ಎರಡನೇ ಚಾಕು ಬೀಳೂದಕ್ಕಿಂತ ಮೊದಲ ಏನ್ ಮಾಡೂಣು? ಓಣಿ ಹುಡುಗರ ಬಡದಾಟದ ಬಗ್ಗೆ, ವಿಜಯಪುರ

ಟಾಕಿ ಓಣಿಯಾಂವ · ಶನಿವಾರ ರಾತ್ರಿ 11:40

ಎಲ್ಲಾರಿಗೂ ನಮಸ್ಕಾರ್ರಿ. ಊರಾಗ ಇದ್ದವರು, ಊರು ಬಿಟ್ಟು ಹೋದವರು, ಇಬ್ಬರೂ ಓದ್ರಿ.

ನಿನ್ನೆ ಸಂಜಿಮುಂದ ನಮ್ಮ ಓಣಿ ಹುಡುಗಗ ಚಾಕು ಹಾಕ್ಯಾರ. ಪಿಯುಸಿ ಎರಡನೇ ವರ್ಷದಾಂವ. ತೊಡಿಗೆ ಬಿದ್ದೈತಿ, ಹದಿನಾಲ್ಕು ಹೊಲಿಗಿ. ಜೀವಕ್ಕ ಏನೂ ಇಲ್ಲ ಅಂದಾರ. ಹಾಕಿದಾಂವ ಬಾವಡಿ, ಅಂದ್ರ ಹಳೇ ಮೆಟ್ಟಿಲ ಬಾವಿ, ಆ ಕಡೀ ಓಣಿ ಹುಡುಗ. ಇಬ್ಬರೂ ಏಳನೇ ಇಯತ್ತೆ ತನಕ ಒಂದ ಬೆಂಚಿನ ಮ್ಯಾಲ ಕುಂತವರು, ನನ್ನ ಅಂಗಡಿಯಾಗ ಒಂದ ಪೆಪ್ಸಿ ತಗೊಂಡು ಇಬ್ಬರೂ ಚೀಪಿದವರು.

ಕಾರಣ ಕೇಳಿದ್ರ ನಗಬೇಕೋ ಅಳಬೇಕೋ ತಿಳಿಯಂಗಿಲ್ಲ. ಬಾವಡಿ ಕಡ್ಯಾಂವರು ಹುಟ್ಟುಹಬ್ಬಕ್ಕ ತಲವಾರ್‌ಲೆ ಕೇಕ್ ಕತ್ತರಿಸಿ ಇನ್‌ಸ್ಟಾಗ್ರಾಂನಾಗ ರೀಲ್ಸ್ ಹಾಕಿದ್ರು. ನಮ್ಮಾಂವ ಕೆಳಗ ಕಮೆಂಟ್ ಹಾಕಿದಾ: "ಕೇಕ್ ಬಿಟ್ಟು ಬ್ಯಾರೆ ಏನರ ಕತ್ತರಿಸಾಕ ಬರ್ತೈತೇನು?" ಅಷ್ಟ.

ಚಾಕು ಹಾಕಿದಾಂವನ್ನ ಪೊಲೀಸ್ರು ಕರ್ಕೊಂಡು ಹೋಗ್ಯಾರ. ನನ್ನ ಚಿಂತಿ ಅವನದಲ್ಲ. ಈಗ ಇದನ್ನ ಬರಿಯೂ ಹೊತ್ತಿನ್ಯಾಗ ನೀರಿನ ಟಾಕಿ ಕೆಳಗ ನಮ್ಮ ಎಂಟು ಹುಡುಗ್ರು ಕುಂತಾರ. ಫೋನಿನ ಬೆಳಕು ಮಾರಿ ಮ್ಯಾಲ ಬಿದ್ದಿದ್ದು ಬಿಟ್ರ ಏನೂ ಕಾಣಂಗಿಲ್ಲ. ನಾ ಹತ್ತಿರ ಹೋದ್ರ ಮಾತು ನಿಲ್ಲತೈತಿ, ಬಂದಮ್ಯಾಲ ಮತ್ತ ಚಾಲೂ. ನಾಳೆ ಇಲ್ಲಾ ನಾಡದ ಇವರು ಬಾವಡಿಗೆ ಹೋಗ್ತಾರ. ಇನ್ನೂ ಆಗದ ಕೆಲಸಕ್ಕ ಪೊಲೀಸರಿಗೆ ಏನಂತ ಹೇಳ್ಲಿ? ಅವರ ಅಪ್ಪಂದಿರಿಗೆ ಹೇಳಿದ್ರ ಬೆಲ್ಟ್ ಬಿಚ್ಚತಾರ, ಹುಡುಗ ಮನಿ ಬಿಟ್ಟು ನೆಟ್ಟಗ ಟಾಕಿ ಕೆಳಗ ಬರ್ತಾನ. ಯಾರಿಗರ ಇದರ ಅನುಭವ ಇದ್ರ ಹೇಳ್ರಿ.

ಬಿಸಲ ನಾಡ · ಶನಿವಾರ ರಾತ್ರಿ 11:52

ಅನುಭವ ಏನ್ ಬೇಕ್ರಿ ಇದಕ್ಕ. ಎರಡೂ ಕಡ್ಯಾಂವರನ್ನ ಒದ್ದು ಒಳಗ ಹಾಕ್ಸಿ, ಗಾಂಧಿ ಚೌಕಿನ್ಯಾಗ ಅರಬಿ ಬಿಚ್ಚಿ ಮೆರವಣಿಗಿ ಮಾಡಿಸ್ರಿ. ಒಂದ ದಿನದಾಗ ಭಾಯಿಗಿರಿ ಇಳೀತೈತಿ. ನಮ್ಮ ಕಾಲದಾಗ ಮಾಸ್ತರ್ ಕೈಯಾಗ ಬಡಗಿ ಇತ್ತು, ಅದಕ್ಕ ನಾವು ನೆಟ್ಟಗದೀವಿ.

ಮೇಲ್ವಿಚಾರಕ · ಭಾನುವಾರ ಬೆಳಿಗ್ಗೆ 7:10

ರಾತ್ರಿ ಬಂದ ಮೂರು ಉತ್ತರ ತೆಗೆದಿದ್ದೇನೆ. ಹುಡುಗರ ಹೆಸರು, ಕಾಲೇಜು, ಒಂದರಲ್ಲಿ ಫೋಟೋ ಕೂಡ ಇತ್ತು. 18ರ ಒಳಗಿನವರ ಗುರುತು ಬಯಲು ಮಾಡಬಾರದು, ಚಾಕು ಹಾಕಿದವನದೂ ಅಷ್ಟೇ, ಏಟು ತಿಂದವನದೂ ಅಷ್ಟೇ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳ ತನಕ ಜೈಲು, 2 ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಜಾತಿ-ಧರ್ಮ ಎಳೆದು ತಂದ ಒಂದು ಉತ್ತರವೂ ಹೋಗಿದೆ. ಟಾಕಿ, ಬಾವಡಿ ಅಂತಲೇ ಮಾತಾಡಿ, ಸಾಕು.

ರಾತ್ರಿ ಪಾಳಿ ಸಿಸ್ಟರ್ · ಭಾನುವಾರ ಬೆಳಿಗ್ಗೆ 8:25

ಪಾಳಿ ಮುಗಿಸಿ ಈಗ ಮನಿಗೆ ಬಂದೆ. ನಿಮ್ಮ ಹುಡುಗ ನಮ್ಮ ದವಾಖಾನಿಯಾಗ ಅದಾನೋ ಇಲ್ಲೋ ಹೇಳಂಗಿಲ್ಲ. ಇಂಥಾ ಕೇಸ್ ಬಂದಾಗ ಏನಾಗ್ತೈತಿ ಅಷ್ಟ ಹೇಳ್ತೀನಿ.

ಮೊದಲನೇದು, ತೊಡಿಗೆ ಹಾಕಿದ್ರ ಸಾಯಂಗಿಲ್ಲ, ಬರೇ ಬುದ್ಧಿ ಕಲಸಾಕ ಅನ್ನೂ ಮಾತು ಈ ಹುಡುಗ್ರ ಬಾಯಾಗ ಐತಿ. ಯಾರು ಕಲಿಸ್ಯಾರೋ ಗೊತ್ತಿಲ್ಲ. ತೊಡಿ ಒಳಮೈಯಾಗ ದೊಡ್ಡ ರಕ್ತನಾಳ ಹೋಗೇತಿ. ಅದು ಹರದ್ರ ಲೆಕ್ಕ ನಿಮಿಷದ್ದು. ಆಟೋ ಹುಡುಕೂದ್ರಾಗ ಮುಗೀತೈತಿ. ಚಾಕು ಒಳಗ ಉಳದಿದ್ರ ಕೀಳಬ್ಯಾಡ್ರಿ. ಉಳದಿರದಿದ್ರ ಅರಬಿ ಮಡಚಿ ಗಾಯದ ಮ್ಯಾಲ ಎರಡೂ ಕೈಲೆ ಗಟ್ಟಿ ಒತ್ತಿ ಹಿಡೀರಿ, ಮತ್ತ ಮತ್ತ ತಗದು ನೋಡಬ್ಯಾಡ್ರಿ. 108ಕ್ಕ ಫೋನ್ ಹಚ್ಚರಿ. ಗಾಜು ಚುಚ್ಚೇತಿ, ಗಾಡಿ ಮ್ಯಾಲಿಂದ ಬಿದ್ದಾನ ಅಂತ ಸುಳ್ಳು ಹೇಳಬ್ಯಾಡ್ರಿ. ಗಾಯ ನೋಡಿದ್ರ ನಮಗ ತಿಳೀತೈತಿ, ಪೊಲೀಸರಿಗೆ ತಿಳಿಸೂದು ದವಾಖಾನಿ ಕೆಲಸ, ಅದರ ಸಲುವಾಗಿ ಚಿಕಿತ್ಸೆ ತಡಾ ಆಗಂಗಿಲ್ಲ.

ಎರಡನೇದು ನಾ ಕಣ್ಣಾರೆ ಕಂಡದ್ದು. ಹುಡುಗನ್ನ ಒಳಗ ತಂದ ಒಂದ ತಾಸಿನ್ಯಾಗ ದೋಸ್ತರು ಬರ್ತಾರ. ಹನ್ನೆರಡು, ಹದಿನೈದು ಮಂದಿ. ಯಾರೂ ಅಳಂಗಿಲ್ಲ, ಯಾರೂ ಕುಂದ್ರಂಗಿಲ್ಲ. ಬ್ಯಾಂಡೇಜಿನ ಫೋಟೋ ತಗೀತಾರ. ಕೆಳಗ "ಲೆಕ್ಕ ಬಾಕಿ ಐತಿ" ಅಂತ ಬರದು ಸ್ಟೇಟಸ್ ಹಾಕ್ತಾರ. ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ಕೇಳಿಸ್ತೈತಲ್ಲ, ಹಂಗ ಅದು ಊರ ತುಂಬ. ಮುಂದಿನ ಬಡದಾಟ ಅಲ್ಲೇ, ನಮ್ಮ ವಾರ್ಡಿನ ಬಾಗಲದಾಗ ಶುರು ಆಗ್ತೈತಿ. ನಾನು ಬೈದು ಕಳಸ್ತೀನಿ, ಆದ್ರ ನಾ ಅವರಿಗೆ ಯಾರು? ಅವರ ಓಣಿ ಹಿರ್ಯಾರೊಬ್ಬರು ಆ ಬಾಗಲದಾಗ ಇದ್ದದ್ದು ನಾ ನೋಡೇ ಇಲ್ಲ. ಹಿರ್ಯಾರು ಬರೂದು ಮರುದಿನ, ಹಾಲಿನ ಪಾಕೀಟು ಹಣ್ಣು ತಗೊಂಡು.

ವಕೀಲ, ಇಂಡಿ ರಸ್ತೆ · ಭಾನುವಾರ ಬೆಳಿಗ್ಗೆ 10:05

ಬಿಸಲ ನಾಡ ಅವರಿಗೆ: 18 ತುಂಬದವನನ್ನು ಠಾಣೆಯ ಲಾಕಪ್ಪಿನಲ್ಲೂ ಇಡುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. 24 ತಾಸಿನೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಮೆರವಣಿಗೆಯ ಮಾತು ಬಿಟ್ಟುಬಿಡಿ.

ಆದರೆ "ನಾ ಇನ್ನೂ ಸಣ್ಣಾಂವ, ನನಗೇನೂ ಆಗಂಗಿಲ್ಲ" ಎಂದು ಹುಡುಗರು ಹೇಳಿಕೊಂಡು ತಿರುಗುವುದೂ ಅರ್ಧ ಸುಳ್ಳೇ. 2015ರ ಬಾಲನ್ಯಾಯ ಕಾಯ್ದೆ ಬಂದ ಮೇಲೆ, ಕೊಲೆಯಂಥ ಘೋರ ಅಪರಾಧದಲ್ಲಿ 16 ದಾಟಿದವನ ಬಗ್ಗೆ ಮಂಡಳಿ ಪ್ರಾಥಮಿಕ ಪರಿಶೀಲನೆ ಮಾಡಿ, ವಯಸ್ಕನಂತೆ ವಿಚಾರಣೆಗೆ ಕಳಿಸಬಹುದು. ಕೊಲೆ ಯತ್ನ ಆ ಗುಂಪಿಗೆ ಬರುವುದಿಲ್ಲ. ಆ ಗುಂಪಿಗೆ ಸೇರಲು ಕನಿಷ್ಠ ಶಿಕ್ಷೆ 7 ವರ್ಷ ಎಂದು ಕಾನೂನು ಹೇಳಿರಬೇಕು, ಇದನ್ನು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟ ಮಾಡಿದೆ. ಅಂದರೆ ಗಾಯಗೊಂಡವನು ಬದುಕುವುದಕ್ಕೂ ಸಾಯುವುದಕ್ಕೂ ಇರುವ ಒಂದಂಗುಲದ ಅಂತರದಲ್ಲೇ ಹಾಕಿದವನ ಹಣೆಬರಹವೂ ಇದೆ. ಇನ್ನು ಆ ಟೋಳಿಯಲ್ಲಿ ಒಬ್ಬನಿಗೆ ಹೋದ ವಾರ 18 ತುಂಬಿದ್ದರೆ ಅವನು ನೇರ ದೊಡ್ಡವರ ಕೋರ್ಟಿಗೆ. ಕೊಲೆ ಯತ್ನಕ್ಕೆ ಹಿಂದಿನವರು 307 ಅನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 109. ಓಣಿ ಹಿರಿಯರು ದವಾಖಾನೆ ಬಿಲ್ಲು ಕೊಡಿಸಿ ಜಮಖಾನೆಯ ಮೇಲೆ ರಾಜಿ ಮಾಡಿದ ಮಾತ್ರಕ್ಕೆ ಮುಚ್ಚಿಹೋಗುವ ಕಲಂ ಅಲ್ಲ ಅದು.

ಎಲ್ಲರೂ ಮರೆಯುವುದು ಬಾಲನ್ಯಾಯ ಕಾಯ್ದೆಯ 83ನೇ ಕಲಂ. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ದೊಡ್ಡವನಿಗೆ 7 ವರ್ಷದ ತನಕ ಕಠಿಣ ಸಜೆ, 5 ಲಕ್ಷ ದಂಡ. ಈ ಹುಡುಗರ ಪೆಟ್ರೋಲು, ಬಿರಿಯಾನಿ, ಹುಟ್ಟುಹಬ್ಬದ ಬ್ಯಾನರು, ಇವೆಲ್ಲ ಯಾರ ಕಿಸೆಯಿಂದ ಬರುತ್ತಿವೆ? ಆ ತಲವಾರು ಯಾರ ಮನೆಯದು? ಅದನ್ನು ಕೇಳಿ ಮೊದಲು.

ಬಿಸಲ ನಾಡ · ಭಾನುವಾರ ಬೆಳಿಗ್ಗೆ 10:20

ಕಿಸೆ ಯಾರದು ಅಂತ ಇಡೀ ಓಣಿಗೆ ಗೊತ್ತಿರ್ತೈತಿ ವಕೀಲ್ರ. ಬ್ಯಾನರಿನ್ಯಾಗ ದೊಡ್ಡ ಫೋಟೋ ಅವರದ ಇರ್ತೈತಿ. ಹೇಳವರು ಯಾರು?

ಪುಣೇದಾಗಿನ ಬಿಜಾಪುರದಾಂವ · ಭಾನುವಾರ ಮಧ್ಯಾಹ್ನ 12:45

ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಕಥಿ ಹೇಳ್ತೀನಿ. ಓಣಿಗೊಂದು ಗ್ಯಾಂಗು, ಕೈಗೊಂದು ಚಾಕು ಅನ್ನೂ ಹೆಸರು ಆ ಊರಿಗಿತ್ತು. 2005ರಾಗ ಅಲ್ಲಿ ಪೊಲೀಸ್ರೇ ಇದನ್ನ ರೋಗ ನೋಡಿದಂಗ ನೋಡಬೇಕಂತ ಒಂದು ಬ್ಯಾರೆ ಘಟಕ ಕಟ್ಟಿದ್ರು. ಯಾರಿಂದ ಯಾರಿಗೆ ಹಬ್ಬತೈತಿ, ಎಲ್ಲಿ ತಡೀಬಹುದು ಅಂತ. 2008ರಾಗ ಗ್ಯಾಂಗಿನ ಹುಡುಗರನ್ನ ಕೋರ್ಟಿನ ಹಾಲಿಗೆ ಕರಸಿದ್ರು, ಹಿಡಕೊಂಡು ಬರಲಿಲ್ಲ, ಕರದ್ರು. ಪೊಲೀಸ್ರು ಖಡಕ್ ಆಗಿ ಒಂದು ಮಾತು ಹೇಳಿದ್ರು: ಇನ್ನ ಮ್ಯಾಲ ಒಬ್ಬ ಮಾಡಿದ್ರ ಇಡೀ ಗ್ಯಾಂಗಿನ ಬೆನ್ನು ಹತ್ತತೀವಿ. ಆಮ್ಯಾಲ ಗಾಯ ಹೊಲಿಯೂ ಡಾಕ್ಟರ್ ಮಾತಾಡಿದ್ರು, ಒಬ್ಬ ತಾಯಿ ಮಾತಾಡಿದ್ಲು. ಕಡೀಕ ಒಂದು ಫೋನ್ ನಂಬರ್ ಕೊಟ್ಟು, ಬಿಡಬೇಕನ್ನಾಂವ ಇದಕ್ಕ ಹಚ್ಚರಿ, ಕೆಲಸ-ಕಲಿಕಿ ನಾವು ನೋಡ್ತೀವಿ ಅಂದ್ರು. ಇದರ ಮೂಲ ಅಮೆರಿಕದ ಬೋಸ್ಟನ್, 1996. ಷಿಕಾಗೋದಾಗ, ಹಿಂದ ತಾವೇ ಗ್ಯಾಂಗಿನ್ಯಾಗ ಇದ್ದು ಬಿಟ್ಟವರನ್ನ ಸಂಬಳ ಕೊಟ್ಟು ಇಟ್ಕೊಂಡ್ರು. ಅವರ ಕೆಲಸ ಏನಂದ್ರ, ಬಡದಾಟ ಆದ ರಾತ್ರಿ ದವಾಖಾನಿಗೆ ಹೋಗಿ ಸೇಡಿನ ಮಾತು ತಣ್ಣಗ ಮಾಡೂದು. ಸಿಸ್ಟರ್ ಹೇಳಿದ ಆ ಬಾಗಲ ಐತಲ್ಲ, ಅದೇ ಬಾಗಲ.

ಇನ್ನೊಂದು. ಇಲ್ಲಿ ಪುಣೇದಾಗ ಕಬ್ಬು ಕಡಿಯೂ ಕೊಯ್ತಾ ಹಿಡಕೊಂಡು ಹುಡುಗ್ರು ಓಣಿಯಾಗ ತಿರಗಾಕ ಹತ್ತಿದ್ರು, ಪೇಪರಿನವರು "ಕೊಯ್ತಾ ಗ್ಯಾಂಗ್" ಅಂತ ಹೆಸರಿಟ್ರು. ಹೆಸರು ಸಿಕ್ಕಿದ್ದ ತಡ, ಎಲ್ಲಾ ಓಣಿಯಾಗೂ ಒಂದೊಂದು ಹುಟ್ಟಿತು. ನಮ್ಮ ಕಡೆ "ಭೀಮಾ ತೀರ" ಅನ್ನೂ ಮಾತಿಗೆ ಹಂಗ ಆಗೇತಿ. ಭೀಮಾ ಎಂಥಾ ಹೊಳಿ, ಎಂಥಾ ಜ್ವಾಳ ಬೆಳೀತೈತಿ, ಅದನ್ನ ಬಿಟ್ಟು ಪಿಸ್ತೂಲಿನ ಸುದ್ದಿಗಷ್ಟ ಆ ಹೆಸರು ಬಳಸಿದ್ರ ಹದಿನಾರರ ಹುಡುಗಗ ಅದು ಬಿರುದು ಕಂಡಂಗ ಕಾಣತೈತಿ.

ಬಿಸಲ ನಾಡ · ಭಾನುವಾರ ಮಧ್ಯಾಹ್ನ 1:02

ಅದು ಗ್ಲಾಸ್ಗೋ ಸಾಹೇಬ್ರ, ಇದು ಗೋಳಗುಮ್ಮಟ. ಇಲ್ಲಿ ಸಂಬಳ ಕೊಟ್ಟು ದವಾಖಾನಿಗೆ ಯಾರನ್ನ ಕಳಸ್ತೀರಿ?

ಛೋಟಾ ಹಾಥಿ · ಭಾನುವಾರ ಮಧ್ಯಾಹ್ನ 3:30

ಸಂಬಳ ಬ್ಯಾಡ, ನಾ ಹೋಗ್ತೀನಿ.

ನಾನು ಎಪಿಎಂಸಿದಾಗ ಗಾಡಿ ಹೊಡೀತೀನಿ. ಒಂಬತ್ತು ವರ್ಷದ ಹಿಂದ ನಾನೂ ಇಂಥಾ ಟಾಕಿ ಕೆಳಗ ಕುಂತಾಂವ. ಓಣಿ ಬ್ಯಾರೆ, ಟಾಕಿ ಬ್ಯಾರೆ. ನಮ್ಮ ದೋಸ್ತಗ ಹೊಡದಿದ್ರು, ಎರಡನೇ ರಾತ್ರಿ ನಾವು ಹನ್ನೊಂದು ಮಂದಿ ಐದು ಗಾಡಿ ಮ್ಯಾಲ ಹೋದ್ವಿ. ಆ ಕಡೆ ಒಬ್ಬ ಹುಡುಗ ಈಗೂ ಎಡಗೈ ಮ್ಯಾಲ ಎತ್ತಂಗಿಲ್ಲ. ನನಗ 19 ಆಗಿತ್ತು, ದರ್ಗಾ ಜೈಲು ಕಂಡೆ.

ಅಲ್ಲಿ ಕುಂತಾಗ ಒಬ್ಬೊಬ್ಬರೂ ಬಾಯಿ ಬಿಟ್ರು. ಹನ್ನೊಂದು ಮಂದಿಯಾಗ ಎಂಟು ಮಂದಿಗೆ ಹೋಗೂದು ಬ್ಯಾಡಾಗಿತ್ತು. ನನಗೂ ಬ್ಯಾಡಾಗಿತ್ತು. ಒಬ್ಬಾಂವಂತೂ ಗಾಡಿಯಾಗ ಪೆಟ್ರೋಲ್ ಇಲ್ಲ ಅಂತ ನೆವ ತಗದಿದ್ದ, ಆ ನಮ್ಮ "ಅಣ್ಣ" ಐನೂರರ ನೋಟು ಕೊಟ್ಟು ಅದನ್ನೂ ಮುಗಿಸಿದ. ಬ್ಯಾಡ ಅಂತ ಮೊದಲ ಅಂದಾಂವ ಹೆದರುಪುಕ್ಕ ಆಗ್ತಾನ, ಅಷ್ಟ ಸಮಸ್ಯಾ. ಆ ಹೊತ್ತಿನ್ಯಾಗ ಯಾರರ ಒಬ್ಬ ಕಾಕಾ ಬಂದು "ಲೇ, ಗಾಡಿ ಕೀಲಿ ಕೊಡ್ರಿ ಇಲ್ಲಿ" ಅಂತ ಜಬರಿಸಿ ಕಸಗೊಂಡು ಹೋಗಿದ್ರ ನಾವು ಮ್ಯಾಲ ಮ್ಯಾಲ ಬೈಕೋತ ಒಳಗಿಂದೊಳಗ ಕೈ ಮುಗೀತಿದ್ವಿ. ಮರುದಿನ ಹೇಳಾಕ ನಮಗೂ ಒಂದು ಮಾತು ಇರ್ತಿತ್ತು: ಹೊಂಟಿದ್ವಿ, ಕಾಕಾ ಬಿಡಲಿಲ್ಲ.

ನೆವ ಕೊಡ್ರಿ ಅವರಿಗೆ. ಬುದ್ಧಿಮಾತು ಆಮ್ಯಾಲ.

ಮೆರವಣಿಗಿ ಅಂದ್ರಲ್ಲ, ನಮ್ಮ ಪೈಕಿ ಒಬ್ಬನ್ನ ಮಾಡಿದ್ರು. ಯಾರೋ ವಿಡಿಯೋ ಹಾಕಿದ್ರು. ಹಿಂದಿನ ದಿನ ತನಕ ಅವನ್ನ ಯಾರೂ ಕೇಳತಿದ್ದಿಲ್ಲ, ಆಮ್ಯಾಲ ಸಣ್ಣ ಹುಡುಗ್ರು ಬಂದು ಕೈ ಕುಲುಕಿ ಸೆಲ್ಫಿ ತಗೊಂಡ್ರು.

ಟಾಕಿ ಓಣಿಯಾಂವ · ಭಾನುವಾರ ಮಧ್ಯಾಹ್ನ 3:48

ತಮ್ಮಾ, ನಿನ್ನ ಮಾತು ಎರಡು ಸಲ ಓದಿದೆ. ಕೀಲಿ ಕಸಗೊಂಡ್ರ ಅವರಪ್ಪಂದಿರು ನನ್ನ ಕೂಡ ಜಗಳಾ ತಗೀತಾರಲ್ಲೋ, ನನ್ನ ಮಗನ ಗಾಡಿ ಮುಟ್ಟಾಕ ನೀ ಯಾರು ಅಂತ.

ವಕೀಲ, ಇಂಡಿ ರಸ್ತೆ · ಭಾನುವಾರ ಸಂಜೆ 4:15

ಅದಕ್ಕೂ ಒಂದು ನೆವ ಇದೆ. 18ರ ಒಳಗಿನವನು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದ ತನಕ ಜೈಲು, 25,000 ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಅಪ್ಪಂದಿರಿಗೆ ಬಡದಾಟದ ಸುದ್ದಿಯನ್ನೇ ತೆಗೆಯಬೇಡಿ. "ಪೊಲೀಸ್ರು ಗಾಡಿ ಹಿಡಿತಿದಾರೆ, ನಿಮ್ಮ ಹೆಸರಿಗೆ ಕೇಸ್ ಬೀಳುತ್ತೆ, ನಾಲ್ಕು ದಿನ ಕೀಲಿ ನನ್ನ ಹತ್ತಿರ ಇರಲಿ" ಅನ್ನಿ. ಬೆಲ್ಟಿಗೆ ಕೈ ಹಾಕುವವನೂ ಇಪ್ಪತ್ತೈದು ಸಾವಿರ ಅಂದ ಕೂಡಲೇ ಕೀಲಿಗೆ ಕೈ ಹಾಕುತ್ತಾನೆ.

ನಿವೃತ್ತ ಮಾಸ್ತರ · ಭಾನುವಾರ ಸಂಜೆ 6:30

ನನ್ನ ಬಡಿಗೆಯ ಮಾತು ಮೇಲೆ ಬಂದಿದೆ. ಮೂವತ್ತನಾಲ್ಕು ವರ್ಷ ಬಡಿಗೆ ಹಿಡಿದವನು ನಾನು. ಯಾರನ್ನು ಹೆಚ್ಚು ಹೊಡೆದೆನೋ ಅವರೇ ಮೊದಲು ಶಾಲೆ ಬಿಟ್ಟರು. ಇದನ್ನು ಹೇಳಿಕೊಳ್ಳಲು ಹೆಮ್ಮೆಯೇನೂ ಇಲ್ಲ.

ಶಿಕ್ಷಣ ಹಕ್ಕಿನ ಕಾಯ್ದೆ 6ರಿಂದ 14ರ ತನಕದ್ದು. ಎಂಟನೆಯ ಇಯತ್ತೆಯ ಹುಡುಗ ಹತ್ತು ದಿನ ಬರದಿದ್ದರೆ ಮನೆಗೆ ಹೋಗಿ ಕೇಳುತ್ತಿದ್ದೆವು. ಹತ್ತನೆಯದರಲ್ಲಿ ಗಣಿತ ಹೋದವನ ಮನೆಗೆ ಯಾರೂ ಹೋಗುವುದಿಲ್ಲ. ಅಪ್ಪ-ಅವ್ವ ದುಡಿಯಲು ಗೋವಾ, ಪುಣೆ ಕಡೆ. ಮನೆಯಲ್ಲಿ ಆಯಿ ಒಬ್ಬಳೇ, ಅವಳಿಗೆ ಸಂಜೆಯಾದರೆ ಕಣ್ಣು ಕಾಣುವುದಿಲ್ಲ. ನಿಮ್ಮ ಟಾಕಿ ಕೆಳಗೆ ಕೂತ ಎಂಟು ಜನರಲ್ಲಿ ಎಷ್ಟು ಮಂದಿಗೆ ನಾಳೆ ಬೆಳಿಗ್ಗೆ ಹೋಗಲು ಒಂದು ಜಾಗ ಇದೆ, ಎಣಿಸಿ ನೋಡಿ. ಈಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ವರ್ಷವೆಲ್ಲ ಕಾಯಬೇಕಿಲ್ಲ. ಅರ್ಜಿ ತುಂಬಲು, ಗಣಿತ ಹೇಳಿಕೊಡಲು ನಾನಿದ್ದೇನೆ. ಸಂಜೆ ಏಳರಿಂದ ಒಂಬತ್ತು ಬೇಕಾದರೆ ಅಂಗಡಿ ಕಟ್ಟೆಯ ಮೇಲೆಯೇ.

ಮಣ್ಣಿನ ವಾಸನಿ · ಭಾನುವಾರ ರಾತ್ರಿ 8:10

ಯಾರರ ಹೇಳೇ ಹೇಳ್ತಾರ, "ತಾಲೀಮಿಗೆ ಕಳಸ್ರಿ, ಎಲ್ಲಾ ಸರಿಹೋಗ್ತೈತಿ" ಅಂತ. ನಾನ ಕುಸ್ತಿ ತಾಲೀಮು ನಡಸಾಂವ, ನಾ ಹಂಗ ಅನ್ನಂಗಿಲ್ಲ. ನಮ್ಮ ಮಣ್ಣಾಗ ತಯಾರಾದ ಒಬ್ಬ ಪೈಲ್ವಾನ ಈಗ ಬಡ್ಡಿ ವಸೂಲಿ ಮಾಡಾಂವನ ಹಿಂದ ತಿರಗತಾನ. ಮೈ ಬೆಳಸಿ ಬಿಟ್ರ ಅದು ಯಾರರ ಬಾಡಿಗಿಗೆ ಹೋಗ್ತೈತಿ.

ಆದ್ರ ಒಂದು ಐತ್ರಿ. ಮಣ್ಣು ಹದಾ ಮಾಡೂ ದಿನ ನಾವು ಅರಿಶಿನ, ಎಣ್ಣಿ, ಮಜ್ಜಿಗಿ, ಲಿಂಬಿಹಣ್ಣಿನ ರಸ ಹಾಕಿ ಸಲಿಕಿಲೆ ತಿರವ್ತೀವಿ. ಅರ್ಧಾ ದಿನದ ಕೆಲಸ. ಅವತ್ತು ಎರಡು ಓಣಿ ಹುಡುಗ್ರನ್ನ ಒಂದ ಸಲಿಕಿ ಸಾಲಿಗೆ ಹಚ್ಚತೀನಿ. ಮಾತಾಡ್ರಿ ಅಂತ ಹೇಳಂಗಿಲ್ಲ. ಹತ್ತು ಗಂಟೆಕ್ಕ ಎಲ್ಲಾರ ಕೈಯಾಗೂ ಬೊಬ್ಬಿ ಬಂದಿರ್ತಾವ, ಒಬ್ಬರಿಗೊಬ್ಬರು ತೋರಸ್ಕೋತಾ ನಿಂತಿರ್ತಾರ. ಮತ್ತ, ಸಂಜಿಗೆ ಬರದಾಂವ ಯಾರು ಅಂತ ವಸ್ತಾದಗ ಗೊತ್ತಿರ್ತೈತಿ. ಬರಲಿಲ್ಲಂದ್ರ ಅವನ ಮನಿ ಬಾಗಲಿಗೆ ಹೋಗಿ ಒದರತಾನ. ತಾಲೀಮಿನ ಗುಣಾ ಅಂದ್ರ ಅದು.

ಗಲ್ಲಿ ಮಂಡಳ, ಬೆಳಗಾವಿ · ಭಾನುವಾರ ರಾತ್ರಿ 9:00

ನಮ್ಮಲ್ಲಿ ಗಲ್ಲಿಗೊಂದು ಮಂಡಳ. ಗಣಪತಿ ಹಬ್ಬದಾಗ ಡಾಲ್ಬಿ ಮುಂದ ಕುಣಿಯೂ ಹುಡುಗ್ರನ್ನ ಮಂದಿ ತಡಿಯೂ ಹಗ್ಗ ಹಿಡಿಯೂ ಕೆಲಸಕ್ಕ ಹಚ್ಚಿದ್ವಿ. ಯಾರು ಹಗ್ಗಾ ಹರೀತಿದ್ರೋ ಅವರ ಕೈಗೆ ಹಗ್ಗಾ. ಆ ವರ್ಷ ನಮ್ಮ ಗಲ್ಲಿಯಾಗ ಗದ್ದಲ ಆಗಲಿಲ್ಲ. ಮುಂದಿನ ವರ್ಷ ಮಂಡಳನೇ ಎರಡು ಹೋಳಾತು, ಅದು ಬ್ಯಾರೆ ಕಥಿ.

ಜ್ವಾಳದ ಚೀಲ · ಸೋಮವಾರ ಬೆಳಿಗ್ಗೆ 6:05

ನಾ ಇಲ್ಲಿ ಎಂದೂ ಬರದಿಲ್ಲ. ಟಾಕಿ ಓಣಿ ಅಂಗಡಿ ಅಣ್ಣಾರಿಗೆ ನಾ ಯಾರಂತ ತಿಳದ್ರೂ ತಿಳೀಬಹುದು, ತಿಳದ್ರ ಸುಮ್ಮಿರ್ರಿ.

ಬೆಳಿಗ್ಗೆ ಗಿರಣಿಗೆ ಒಯ್ಯಾಕ ಜ್ವಾಳ ತಗೀಬೇಕಂತ ಚೀಲದಾಗ ಕೈ ಹಾಕಿದೆ. ಮೊಣಕೈ ತನಕ ಹೋದಮ್ಯಾಲ ಕಬ್ಬಿಣ ಹತ್ತಿತು. ಕೊಯ್ತಾ. ಹೊಸಾದು, ಹಿಡಿಕಿಗೆ ಕ್ರಿಕೆಟ್ ಬ್ಯಾಟಿನ ರಬ್ಬರ್ ಸುತ್ಯಾನ. ಮಗಾ ಬಾಜೂಕ ಮಲಗ್ಯಾನ, ಬಾಯಿ ತಕ್ಕೊಂಡು, ಸಣ್ಣಿದ್ದಾಗಿನಂಗ. ಅವರಪ್ಪ ಊರಾಗಿಲ್ಲ. ಬಾವಿಗೆ ಒಗದು ಬರ್ಲೇನು? ಯಾರರ ಜಲ್ದಿ ಹೇಳ್ರಿ.

ವಕೀಲ, ಇಂಡಿ ರಸ್ತೆ · ಸೋಮವಾರ ಬೆಳಿಗ್ಗೆ 6:20

ಅಕ್ಕಾರ, ಒಗೀಬ್ಯಾಡ್ರಿ. ಯಾವುದಾದರೂ ಘಟನೆಗೆ ಅದು ಬಳಕೆಯಾಗಿದ್ದರೆ ಸಾಕ್ಷ್ಯ ನಾಶ ಮಾಡಿದ ಆರೋಪ ನಿಮ್ಮ ತಲೆಗೆ ಬರುತ್ತದೆ. ಬಳಕೆಯಾಗಿರದಿದ್ದರೆ ಇವತ್ತೇ ನಿಮ್ಮ ಮಗನ ಪುಣ್ಯದ ದಿನ. ಅದನ್ನು ಬಟ್ಟೆಯಲ್ಲಿ ಸುತ್ತಿ ಬೀಗದೊಳಗೆ ಇಡಿ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರುತ್ತಾರೆ. ಒಬ್ಬರೇ ಹೋಗಬೇಡಿ, ಹತ್ತು ಗಂಟೆಗೆ ನಾನು ಬರುತ್ತೇನೆ, ಖಾಸಗಿ ಸಂದೇಶ ನೋಡಿ. 1098 ಮಕ್ಕಳ ಸಹಾಯವಾಣಿಯೂ ಇದೆ, ಯಾವ ಹೊತ್ತಿಗಾದರೂ.

ರಾತ್ರಿ ಪಾಳಿ ಸಿಸ್ಟರ್ · ಸೋಮವಾರ ಬೆಳಿಗ್ಗೆ 6:31

ಯವ್ವಾ, ಎದ್ದಮ್ಯಾಲ ಒಮ್ಮೆಲೇ ಒದರಬ್ಯಾಡ. ಮೊದಲ ಚಹಾ ಕೊಡು. ಆಮ್ಯಾಲ ಕೇಳು, "ನಿನಗ ಯಾರದು ಅಂಜಿಕಿ?" ಅಂತ. ಹೊಡಿಯಾಕ ಅಂತ ಇಟ್ಕೊಂಡವರಕಿಂತ ಅಂಜಿ ಇಟ್ಕೊಂಡವರ ಹೆಚ್ಚಿಗೆ ನಮ್ಮ ಕಡೆ ಬಂದು ಮಲಗ್ತಾರ.

ಬಿಸಲ ನಾಡ · ಸೋಮವಾರ ಬೆಳಿಗ್ಗೆ 9:40

ಅಕ್ಕಾರ, ಠಾಣೆಗೆ ಹೋಗಾಕ ಗಾಡಿ ಬೇಕಂದ್ರ ನನ್ನದು ಐತಿ.

ಟಾಕಿ ಓಣಿಯಾಂವ · ಮಂಗಳವಾರ ರಾತ್ರಿ 10:50

ಎರಡು ದಿನದ ಸುದ್ದಿ ಬರೀತೀನಿ.

ಭಾನುವಾರ ರಾತ್ರಿ ಛೋಟಾ ಹಾಥಿ ತಮ್ಮ ಬಂದಿದ್ದ. ದವಾಖಾನಿ ಬಾಗಲದಾಗ ನಾವಿಬ್ಬರೂ ಹನ್ನೆರಡೂವರಿ ತನಕ ಕುಂತಿವಿ. ಹುಡುಗ್ರು ಬಂದ್ರು, ನಮ್ಮನ್ನ ನೋಡಿ ಮುಂದ ಹೋಗಿ ತಿರುಗಿ ಬಂದ್ರು. ತಮ್ಮ ಅವರಿಗೆ ಏನೂ ಉಪದೇಶ ಮಾಡಲಿಲ್ಲ. ಜೈಲಿನ್ಯಾಗ ಬ್ಯಾಳಿ ಹೆಂಗ ಇರ್ತೈತಿ ಅನ್ನೂದು ಅರ್ಧ ತಾಸು ಹೇಳಿದ. ಇಬ್ಬರು ನಕ್ಕರು. ಏಟು ತಿಂದ ಹುಡುಗನ ಕೂಡನೂ ಮಾತಾಡಿದ. ಆ ಹುಡುಗ ತಾನ ಸ್ಟೇಟಸ್ ತಗದ, "ಬ್ಯಾಡ್ರಲೇ, ನನ್ನ ಪರೀಕ್ಷಾ ಐತಿ" ಅಂತ ದೋಸ್ತರಿಗೆ ದನಿ ಸಂದೇಶ ಕಳಿಸಿದ. ಇದು ನನಗ ಹೊಳದಿರಲೇ ಇಲ್ಲ, ಸೇಡು ಬೇಕೋ ಬ್ಯಾಡೋ ಅಂತ ಏಟು ತಿಂದಾಂವನ್ನ ಯಾರೂ ಕೇಳಿದ್ದಿಲ್ಲ.

ಸೋಮವಾರ ಮನಿ ಮನಿ ತಿರುಗಿ ಕೀಲಿ ಕೇಳಿದೆ. ವಕೀಲ್ರ ಇಪ್ಪತ್ತೈದು ಸಾವಿರ ಭಾಳ ಕೆಲಸಕ್ಕ ಬಂತು. ಒಬ್ಬರು ಬೈದ್ರು, "ನಿನ್ನ ಅಂಗಡಿ ಉದ್ರಿ ತೀರಸ್ತೀನಿ, ನನ್ನ ಮನಿ ಕಡೆ ಬರಬ್ಯಾಡ" ಅಂದ್ರು. ಉದ್ರಿ ತೀರಸಲಿಲ್ಲ. ಇನ್ನೊಬ್ಬ ಹುಡುಗ ತಾನ ಅಂಗಡಿಗೆ ಬಂದು, ಯಾರೂ ಇಲ್ಲದ್ದು ನೋಡಿ, ಕೀಲಿ ಗಲ್ಲಾದ ಮ್ಯಾಲಿಟ್ಟು, "ಕಾಕಾ, ನೀವ ಕಸಗೊಂಡ್ರಿ ಅಂತ ಎಲ್ಲಾರ ಮುಂದ ಹೇಳ್ರಿ" ಅಂದು ಓಡಿ ಹೋದ. ತಮ್ಮ ಹೇಳಿದ್ದು ಅಕ್ಷರಶಃ ಖರೆ.

ಕಿಸೆಯಿಂದ ರೊಕ್ಕಾ ಕೊಡೂ ಆ "ಅಣ್ಣ"ನ ಮಾತು ಇನ್ನೂ ಯಾರೂ ಎತ್ತಿಲ್ಲ, ನಾನೂ ಎತ್ತಿಲ್ಲ. ಅಂಜಿಕಿ ನನಗೂ ಐತಿ. ಬಾವಡಿ ಕಡೆ ಯಾರರ ಹಿರ್ಯಾರು ಇದನ್ನ ಓದತಿದ್ರ ನನಗ ಖಾಸಗಿ ಬರೀರಿ, ಅಲ್ಲಿ ಹುಡುಗ್ರೂ ಇವತ್ತು ನಿದ್ದಿ ಮಾಡಿರಂಗಿಲ್ಲ.

ಎಂಟು ಹುಡುಗರದು ಎಂಟು ಗಾಡಿ. ಗಲ್ಲಾದಾಗ ಏಳು ಕೀಲಿ ಅದಾವ. ಎಂಟನೇದು ಉದ್ರಿಯವರ ಮನಿಯಾಗ. ಶಟರ್ ಅರ್ಧಾ ಇಳಿಸಿ ಕುರ್ಚಿ ಹೊರಗ ಹಾಕ್ಕೊಂಡು ಕುಂತೀನಿ, ಟಾಕಿ ಕಾಣೂ ಹಂಗ. ಮಾಸ್ತರ್ ಬಾಜೂಕ ಅದಾರ, ಮಫ್ಲರ್ ಸುತ್ಕೊಂಡು. ಯಾವುದೋ ಗಾಡಿ ಚಾಲೂ ಆದ ಸಪ್ಪಳಾತು, ನೋಡಿ ಬರ್ತೀನಿ ತಡೀರಿ.

ಛೋಟಾ ಹಾಥಿ · ಮಂಗಳವಾರ ರಾತ್ರಿ 10:53

ಕಾಕಾ, ಒಬ್ಬರ ಹೋಗಬ್ಯಾಡ್ರಿ. ಹತ್ತು ನಿಮಿಷದಾಗ ಬಂದೆ.